ಮೊದಲು ಕುಂದು, ಆಮೇಲೆ ದರ

ಬಿಶ್ಕೆಕ್
ಜೂನ್ ೬

ಅನಾರ್ಕುಲ್ ಅಕ್ಕನಿಗೆ,

ಬೋಲೋತ್ ಹುಳಿಸಿದ ಕುದುರೆ ಹಾಲಿನ ಕುಮಿಸ್ ಪೀಪಾಯಿಗಳನ್ನು ಇಲ್ಲಿ ಇಳಿಸಿ, ಖಾಲಿ ಗಾಡಿಯಲ್ಲಿ ಸೋನ್-ಕುಲ್ ಸರೋವರದ ಕಡೆ ಹೊರಟಿದ್ದಾನೆ. "ಅಲ್ಲಿ ಫೋನ್ ಹಿಡಿಯಲ್ಲ. ಏನಾದ್ರೂ ಹೇಳೋದಿದ್ರೆ ಬರೆದುಕೊಡು, ಅಕ್ಕನ ಕೈಗೇ ಕೊಡ್ತೀನಿ" ಎಂದ. ಫೋನ್ ಹಿಡಿಯದ ಜಾಗದಲ್ಲಿ ಕುದುರೆ ಮೇಯಿಸಿಕೊಂಡಿರುವುದು ಎಂಥ ಪುಣ್ಯ ಎಂದು ನಿನಗೆ ಗೊತ್ತಿಲ್ಲ. ಬೇಸಿಗೆಯ ಹುಲ್ಲುಗಾವಲಿಗೆ ಜೈಲೂ ಎಂದು ಹೆಸರಿಟ್ಟ ನಮ್ಮ ಹಿರಿಯರು ನನ್ನ ಈ ನೆಲಮಾಳಿಗೆಯನ್ನು ನೋಡಿರಲಿಲ್ಲ.

ಹೌದು, ಕಂಪನಿಯ ಸ್ಟುಡಿಯೋ ಬಿಟ್ಟೆ. ಸ್ವಂತ ಸ್ಟುಡಿಯೋ ಹಾಕಿದ್ದೇನೆ. ತೊಯ್ ಔತಣಗಳಿಗೆ ಹಾಡು ಕಟ್ಟಿಕೊಡುತ್ತೇನೆ, ತಾಳ ಸೇರಿಸುತ್ತೇನೆ, ಹಾಡಲು ಬಾರದವರ ಸ್ವರ ತಿದ್ದುತ್ತೇನೆ. ಈ ಕೆಲಸವೆಲ್ಲ ಬರುತ್ತದೆ. ಬಾರದಿರುವುದು ಒಂದೇ, ದರ ಹೇಳುವುದು. ಕಂಪನಿಯಲ್ಲಿದ್ದಾಗ ಆ ಹೊಲಸನ್ನು ಬಾಚಲು ಬೇರೊಬ್ಬ ಇದ್ದ.

ಕಳೆದ ವಾರ ಒಬ್ಬ ಮಹಾತಾಯಿ ಬಂದಿದ್ದಳು. ಗಂಡನ ಐವತ್ತರ ತೊಯ್‌ನಲ್ಲಿ ತಾನೇ ಹಾಡಬೇಕಂತೆ. ಆಕೆಯ ಸ್ವರವನ್ನು ಶ್ರುತಿಗೆ ಹತ್ತಿಸುವುದು ಕುರಿಯನ್ನು ಮಹಡಿ ಹತ್ತಿಸಿದ ಹಾಗೆ: ಮುಂದಿನಿಂದ ಎಳೆಯಬೇಕು, ಹಿಂದಿನಿಂದ ನೂಕಬೇಕು, ಮಧ್ಯೆ ಅದು ಏನು ಮಾಡಿದರೂ ಒರೆಸಿಕೊಳ್ಳಬೇಕು. ಹಾಡು ಮುಗಿಯಿತು, ದರದ ಮಾತು ಬಂತು.

"ದುಡ್ಡಿನ ಮಾತು ಯಾಕಪ್ಪಾ? ನೀನು ಯಾರ ಪೈಕಿ?"

ಹೇಳಿದೆ. ನಮ್ಮ ಅಪ್ಪ, ಅವರ ಅಪ್ಪ, ಅವರ ಅಪ್ಪ. ಆರನೆಯ ಅಪ್ಪನ ಹತ್ತಿರ ಆಕೆ ಚಪ್ಪಾಳೆ ಹೊಡೆದಳು. "ಅಯ್ಯೋ, ನಮ್ಮೋನೇ!" ಏಳು ತಲೆಮಾರಿನ ಹೆಸರು ಬಾಯಿಪಾಠ ಮಾಡಿಸುವುದು ಮದುವೆಯಲ್ಲಿ ರಕ್ತ ಬೆರೆಯದಿರಲಿ ಎಂದಲ್ಲವೇ ಅಕ್ಕ? ಈಗ ಅದು ರಿಯಾಯಿತಿ ಚೀಟಿಯಾಗಿದೆ.

ತೊಯ್ ದಿನ ಮುನ್ನೂರು ಜನರ ಮುಂದೆ ಕರೆದು, ಜರಿಯಂಚಿನ ಚಪಾನ್ ನಿಲುವಂಗಿ ಹೊದಿಸಿ, ತಬ್ಬಿಕೊಂಡು ಕಳಿಸಿದರು. ಅಷ್ಟು ಜನರ ಎದುರು ಹೆಗಲ ಮೇಲೆ ಬಿದ್ದ ಮರ್ಯಾದೆಯನ್ನು ಯಾರು ಕೊಡವಿಕೊಳ್ಳುತ್ತಾರೆ? ಸಂಬಳ ಕೇಳಿದವನಿಗೆ ಕಂಬಳಿ! ಇಂಥ ಚಪಾನ್‌ಗಳು ಎಷ್ಟಾಗಿವೆ ಎಂದರೆ, ಸದ್ದು ತಡೆಯಲು ಗೋಡೆಗೆ ಅವನ್ನೇ ನೇತುಹಾಕಿದ್ದೇನೆ. ಕೋಣೆ ಚೆನ್ನಾಗಿ ಮುಚ್ಚಿಕೊಂಡಿದೆ. ಹೊಟ್ಟೆ ಮಾತ್ರ ಪ್ರತಿಧ್ವನಿಸುತ್ತದೆ.

ನೀನೂ ಭಾವನೂ ಅಷ್ಟು ವರ್ಷ ಕುದುರೆ ಮಾರಿದಿರಿ. ಭಾವ ದರ ಹೇಗೆ ಹೇಳುತ್ತಿದ್ದ?

ಇತಿ, ಶಾಂತಿ ಎಂಬ ಅರ್ಥದ ಹೆಸರು ಹೊತ್ತು ಸದ್ದು ಮಾರುವ ನಿನ್ನ ತಮ್ಮ,
ತಿಂಚ್ತಿಕ್


ಸೋನ್-ಕುಲ್
ಜೂನ್ ೧೭

ತಮ್ಮಾ,

ಕಾಗದ ಬಂತು. ಬೋಲೋತ್ ಓದಿ ನಕ್ಕ ಮೇಲೆ ನನ್ನ ಕೈಗೆ ಕೊಟ್ಟ. ಮುಂದಿನ ಸಲ ಅಂಟಿಸಿ ಕಳಿಸು.

ನೆಲಮಾಳಿಗೆಯಲ್ಲಿ ಕೂತು ಮೂಗು ಮುಚ್ಚಿಕೊಂಡರೆ ದರ ಹೇಳುವುದು ಬರುವುದಿಲ್ಲ. ದನದ ಸಂತೆಗೆ ಒಂದು ಭಾನುವಾರ ಹೋಗಿ ನಿಂತು ನೋಡು. ಕೊಳ್ಳುವವನ ಕೈ, ಮಾರುವವನ ಕೈ ಎರಡನ್ನೂ ಸೇರಿಸಿ ದಲ್ಲಾಳಿ ಮೇಲೆ ಕೆಳಗೆ ಅಲ್ಲಾಡಿಸುತ್ತಾನೆ. ಭುಜ ಕಿತ್ತು ಬರುವ ಹಾಗೆ ಅಲ್ಲಾಡಿಸುತ್ತಾನೆ. ಮೊದಲು ಕೈ ಬಿಟ್ಟವನು ಸೋತ. ನೀನು ಕೈ ಕೊಡುವ ಮೊದಲೇ ಬಿಡುವ ಜಾತಿ.

ನಿನ್ನ ಭಾವ ಕುಬಾತ್ ಮಾಡುತ್ತಿದ್ದದ್ದು ಬೇರೆ. ಮೊದಲು ಕುದುರೆಯ ಕುಂದು ಹೇಳುತ್ತಿದ್ದ. ಇದು ಎಡಗಾಲು ಎಳೆಯುತ್ತದೆ, ಇದು ಕಚ್ಚುತ್ತದೆ, ಇದಕ್ಕೆ ನೀರೆಂದರೆ ಭಯ. ಅದಾದ ಮೇಲೆ ದರ. ಒಂದೇ ದರ. ನಾನು ಹಿಂದಿನಿಂದ ಗಿಲ್ಲುತ್ತಿದ್ದೆ. "ಯಾಕ್ರೀ, ಕುದುರೆ ಬಾಯಿಗೆ ನೀವೇ ಮಣ್ಣು ಹಾಕ್ತೀರಾ?" ಎಂದರೆ, "ಅವನು ನಾಳೆ ಬೈಕೊಳ್ಳೋದನ್ನ ನಾನೇ ಇವತ್ತು ಹೇಳ್ಬಿಟ್ರೆ ಮುಗೀತಲ್ವಾ" ಎನ್ನುತ್ತಿದ್ದ. ಶ್ರೀಮಂತರಾಗಲಿಲ್ಲ. ಆದರೆ ಸಂತೆಯಲ್ಲಿ ನಮ್ಮನ್ನು ಕಂಡು ಯಾರೂ ದಾರಿ ಬದಲಿಸಲಿಲ್ಲ.

ಕೆಂಪು ಕುದುರೆ ಮರಿ ಹಾಕಿದೆ. ಒಣಮೊಸರಿನ ಕುರುತ್ ಉಂಡೆ ಕಳಿಸಿದ್ದೇನೆ. ಬೋಲೋತ್ ಎಷ್ಟು ತಿಂದನೆಂದು ಬರೆ.

ನಿನ್ನ ಕುಂದೇನು? ಮೊದಲು ಅದನ್ನು ತಿಳಿದುಕೋ.

ಅಕ್ಕ


ಬಿಶ್ಕೆಕ್
ಜೂನ್ ೨೮

ಅಕ್ಕ,

ಕುರುತ್ ಅರ್ಧ ಚೀಲ ಬಂತು. ಮಿಕ್ಕಿದ್ದು ಬೋಲೋತನ ಕೆನ್ನೆಯಲ್ಲಿತ್ತು.

ನನ್ನ ಕುಂದು ಗೊತ್ತಾಯಿತು. ನನಗೆ ಬೇಡ ಎನ್ನಲು ಬರುವುದಿಲ್ಲ. ಬೇಡ ಎನ್ನಲು ಬಾರದವರು ಏನು ಮಾಡುತ್ತಾರೆ ಗೊತ್ತಾ? ಗಿರಾಕಿ ತಾನಾಗಿಯೇ ಓಡಿಹೋಗಲೆಂದು ಆಕಾಶದ ದರ ಹೇಳುತ್ತಾರೆ. ನಾನೂ ಹೇಳಿದೆ. ಕೇಳು.

ತಾಲಾಯ್‌ಬೆಕ್ ಎಂಬ ಕಾಂಟ್ರಾಕ್ಟರ್. ಊರಿನ ಅರ್ಧ ಬಿರುಕುಗಳನ್ನು ಕಟ್ಟಿದವನು. ಸೆಂಟು ಅವನಿಗಿಂತ ಮೊದಲು ಮೆಟ್ಟಿಲಿಳಿದು ಬಂತು. ಬಂದವನೇ "ತಮ್ಮಾ" ಎಂದ. ನಾನು ಜೇಬು ಮುಟ್ಟಿ ನೋಡಿಕೊಂಡೆ.

"ತಮ್ಮಾ, ನಮ್ಮಪ್ಪಂಗೆ ಹುಷಾರಿಲ್ಲ. ಲಿವರ್. ಬೇಸಿಗೆ ದಾಟಲ್ಲ ಅಂತಾರೆ ಡಾಕ್ಟರು. ನಾನು ಎಲ್ಲಾ ವ್ಯವಸ್ಥೆ ಮಾಡಿದೀನಿ. ಬಿಳೀ ಯುರ್ತ್ ಗುಡಾರ ಬುಕ್ ಆಗಿದೆ. ಕುದುರೆ ಕೊಬ್ಬಿಸ್ತಾ ಇದೀನಿ. ಒಂದೇ ಬಾಕಿ."

"ಏನಣ್ಣಾ?"

"ಅಳು."

ನಾನು ಕತ್ತಿನ ಹೆಡ್‌ಫೋನ್ ತೆಗೆದಿಟ್ಟೆ.

"ಹೆಣದ ಹತ್ರ ಕೂತು ಹೆಂಗಸ್ರು ಕೊಶೋಕ್ ಹಾಡಿ ಅಳ್ಬೇಕಲ್ಲ? ನಂಗಿರೋದು ಇಬ್ರು ತಂಗೀರು. ಒಬ್ಳು ಮಾಸ್ಕೋದಲ್ಲಿದ್ದೂ ಇದ್ದೂ ನಮ್ ಭಾಷೇನೇ ಮುರ್ಕೊಂಡ್ ಮಾತಾಡ್ತಾಳೆ. ಇನ್ನೊಬ್ಳು ಬಾಯಿ ತೆಗೆದ್ರೆ ಬೈಗುಳ ಬಿಟ್ಟು ಬೇರೆ ಬರಲ್ಲ. ಮಂತ್ರಿಗಳು ಬರ್ತಾರೆ, ಮರ್ಯಾದೆ ಪ್ರಶ್ನೆ. ನೀನೊಂದು ಕೊಶೋಕ್ ರೆಡಿ ಮಾಡ್ಕೊಡು. ಯುರ್ತ್ ಒಳಗೆ ಸ್ಪೀಕರ್ ಇಡ್ತೀನಿ. ಉಣ್ಣೆ ಗೋಡೆ ಹಿಂದೆ ಯಾರಿಗೆ ಗೊತ್ತಾಗತ್ತೆ?"

"ಅಣ್ಣಾ, ನಿಮ್ಮಪ್ಪ ಇನ್ನೂ ಇದಾರಲ್ಲ?"

"ಅದಕ್ಕೇ ಈಗ್ಲೇ ಬಂದಿರೋದು. ಕೊನೇ ಗಳಿಗೇಲಿ ನೀನು ರೇಟ್ ಜಾಸ್ತಿ ಮಾಡ್ತೀಯ."

ಶೋಕವೂ ಒಂದು ಶೋಕಿಯಾದದ್ದನ್ನು ಕಣ್ಣಾರೆ ಕಂಡೆ. ಹೊರಗೆ ಹೋಗು ಎನ್ನಬೇಕಿತ್ತು. ಅದರ ಬದಲು, ಈ ನೆಲಮಾಳಿಗೆಯ ಒಂದು ವರ್ಷದ ಬಾಡಿಗೆ ಎಷ್ಟೋ ಅಷ್ಟನ್ನು ದರವೆಂದು ಹೇಳಿದೆ. ಓಡುತ್ತಾನೆ ಎಂದುಕೊಂಡೆ. ಅವನು ನನ್ನ ಕೈ ಹಿಡಿದು, ಒಂದೇ ಸಲ ಅಲ್ಲಾಡಿಸಿ, "ಆಯ್ತು" ಎಂದ. ಅರ್ಧ ದುಡ್ಡನ್ನು ಕೀಬೋರ್ಡಿನ ಮೇಲಿಟ್ಟು ಹೋದ. ಆ ಕೀಲಿಗಳು ಅಷ್ಟು ಅಸಹ್ಯವಾದ ಸ್ವರ ಯಾವತ್ತೂ ಹೊರಡಿಸಿರಲಿಲ್ಲ.

ಚಪಾನ್ ಹೊದಿಸಿದವರ ಮೇಲೆ ನನಗೆ ಸಿಟ್ಟಿತ್ತು. ಪೂರ್ತಿ ದುಡ್ಡು ಕೊಟ್ಟವನ ಎದುರು ಅದಕ್ಕಿಂತ ಹೇಸಿಗೆಯಾಗುತ್ತದೆಂದು ಗೊತ್ತಿರಲಿಲ್ಲ.

ಇತಿ, ಮಾರಾಟವಾದ ಮಾಲು,
ತಿಂಚ್ತಿಕ್


ಸೋನ್-ಕುಲ್
ಜುಲೈ ೫

ತಿಂಚ್ತಿಕ್,

ಇಲ್ಲಿ ಆಲಿಕಲ್ಲು ಬಿತ್ತು. ಮರಿಗಳನ್ನು ಯುರ್ತ್ ಒಳಗೆ ಕಟ್ಟಿದ್ದೆ.

ಯಾವ ಕೊಶೋಕ್ ಎಂದು ನೀನು ಬರೆದಿಲ್ಲ. ನನಗೆ ಗೊತ್ತಿದ್ದ ಹಾಗೆ ನಿನ್ನ ಹತ್ತಿರ ಇರುವುದು ಒಂದೇ. ಕುಬಾತ್ ಸತ್ತ ದಿನ ಅವನ ತಲೆಯ ಹತ್ತಿರ ಕೂತು ನಾನು ಹಾಡಿ ಅಳುವಾಗ ನೀನು ದನಿ ಹಿಡಿಯುವ ಯಂತ್ರ ಇಟ್ಟದ್ದನ್ನು ನೋಡಿದ್ದೆ. ತಮ್ಮ ಜೋಪಾನ ಮಾಡಿಡುತ್ತಾನೆ ಎಂದು ಸುಮ್ಮನಿದ್ದೆ.

ಅನಾರ್ಕುಲ್


ಬಿಶ್ಕೆಕ್
ಜುಲೈ ೨೦

ಅಕ್ಕ,

ಇಲ್ಲಿ ಸೆಕೆ ವಿಪರೀತ. ಡಾಂಬರು ಚಪ್ಪಲಿಗೆ ಅಂಟುತ್ತದೆ. ಬಾಡಿಗೆ ಕಟ್ಟಿದೆ. ಮಾಲೀಕ ಮೊದಲ ಸಲ ಚಹಾ ಕೊಟ್ಟ, ಸಕ್ಕರೆ ಹಾಕಿರಲಿಲ್ಲ.

ಚಹಾ ಪುಡಿ, ಟಾರ್ಚ್ ಸೆಲ್ಲು, ನಿನ್ನ ಮಂಡಿಗೆ ಮುಲಾಮು ಕಳಿಸಿದ್ದೇನೆ. ಮುಲಾಮನ್ನು ಬೋಲೋತ್ ತಿನ್ನಲಾರ ಎಂಬ ನಂಬಿಕೆ.

ಕೆಲಸ ನಡೆಯುತ್ತಿದೆ. ನೀನು ಕೇಳಿದ್ದಕ್ಕೆ ಮುಂದಿನ ಸಲ ಬರೆಯುತ್ತೇನೆ. ಬೋಲೋತ್ ಹಾರನ್ ಹೊಡೆಯುತ್ತಿದ್ದಾನೆ.

ತಿಂಚ್ತಿಕ್


ಬಿಶ್ಕೆಕ್
ಆಗಸ್ಟ್ ೧

ಅಕ್ಕ,

ಈ ಕಾಗದದ ಜೊತೆಗೆ ಬೋಲೋತನ ಮುಂದಿನ ಸೀಟಿನಲ್ಲಿ ಒಬ್ಬ ಮುದುಕರು ಬರುತ್ತಿದ್ದಾರೆ. ಹಳದಿ ಕಣ್ಣು, ಊರುಗೋಲು. ಅವರನ್ನು ಇಳಿಸಿಕೊಳ್ಳುವ ಮೊದಲು ಇದನ್ನು ಓದಿಬಿಡು.

ನಿನ್ನದೇ ಕೊಶೋಕ್. ತಾಲಾಯ್‌ಬೆಕ್ ಅದನ್ನೇ ಕೇಳಿಕೊಂಡು ಬಂದಿದ್ದ. "ನಿಮ್ಮಕ್ಕ ಹೇಳಿದ್ದನ್ನ ಜನ ಇವತ್ತೂ ನೆನೆಸ್ತಾರೆ. ಗಂಡನ ಹೆಸರು ತೆಗೆದು ನಮ್ಮಪ್ಪಂದು ಹಾಕು" ಎಂದಿದ್ದ. ಇದನ್ನು ನಿನಗೆ ಬರೆಯದೆ ಉಳಿದದ್ದೆಲ್ಲವನ್ನೂ ನಗಿಸುವ ಹಾಗೆ ಬರೆದೆ. ಬರೀ ಮಾದರಿ ಮಾಡುತ್ತಿದ್ದೇನೆ ಎಂದು ನನಗೆ ನಾನೇ ಹೇಳಿಕೊಂಡೆ. ಭಾವನ ಹೆಸರು ಬಂದ ಕಡೆಯೆಲ್ಲ ಕತ್ತರಿಸಿ, ಸಂದಿಗಳನ್ನು ಹೊಲಿದೆ. ಹೊಲಿಗೆ ಕಾಣುತ್ತಿರಲಿಲ್ಲ. ಅಷ್ಟು ನಾಜೂಕಾದ ಕೆಲಸ ನಾನು ಹಿಂದೆ ಮಾಡಿಲ್ಲ.

ಮೊನ್ನೆ ಊರುಗೋಲು ಕುಟ್ಟಿಕೊಂಡು ಮೆಟ್ಟಿಲಿಳಿದು ಈ ಮುದುಕರು ಬಂದರು. ತಾಲಾಯ್‌ಬೆಕನ ಅಪ್ಪ, ಒಮುರ್ಜಾಕ್.

"ನನ್ನ ಸಾವು ತಯಾರಾಗ್ತಿರೋದು ಇಲ್ಲೇನೋ?"

ಕುರ್ಚಿ ಎಳೆದುಕೊಟ್ಟೆ. "ಅಜ್ಜಾ, ಕೂತ್ಕೊಳ್ಳಿ."

"ಕೂರ್ತೀನಿ. ಮಗ ಹೇಳ್ಕೊಂಡು ತಿರುಗ್ತಿದಾನೆ, ಎಲ್ಲಾ ವ್ಯವಸ್ಥೆ ಆಗಿದೆ ಅಪ್ಪಾ, ನೀವು ಆರಾಮಾಗಿ ಹೋಗಿ ಅಂತ. ಹಾಕು, ಕೇಳೋಣ. ದುಡ್ಡು ಕೊಟ್ಟೋನು ಅವನಾದ್ರೂ ಸಾಯೋನು ನಾನು."

ಕಲ್ಪಾಕ್ ಟೋಪಿಯನ್ನು ತೆಗೆದು ಮೊಣಕಾಲ ಮೇಲಿಟ್ಟುಕೊಂಡರು. ನಿನ್ನ ದನಿ ಬಂತು. ಮೊದಲು ಅವರಿಗೆ ಖುಷಿಯೇ ಆಯಿತು. "ಎಂಥಾ ಮನುಷ್ಯ ಕಣೋ ನಾನು!" ಎಂದು ನಕ್ಕು ಕೆಮ್ಮಿದರು. ಆಮೇಲೆ ಆ ಸಾಲು ಬಂತು: ಬೆಲೆ ಹೇಳುವ ಮೊದಲು ನೀನು ಕುಂದು ಹೇಳಿದೆ, ಬೂದು ಕುದುರೆ ನೀರಿಗಂಜುತ್ತದೆಂದು ಕೊಳ್ಳುವವನಿಗೆ ಮೊದಲೇ ಹೇಳಿದೆ.

ಕೈ ಎತ್ತಿದರು. "ನಿಲ್ಸು."

ನಿಲ್ಲಿಸಿದೆ.

"ಇದು ನಾನಲ್ಲ. ಮುದಿ ಕುದುರೆ ಹಲ್ಲನ್ನ ಅರದಲ್ಲಿ ಉಜ್ಜಿ, ಹರೇದ್ದು ಅಂತ ಮಾರಿದೋನು ನಾನು. ಆ ಬೂದು ಕುದುರೆ ಕೊಂಡುಕೊಂಡಿದ್ದೂ ನಾನೇ. 'ಅಣ್ಣಾ, ಇದಕ್ಕೆ ನೀರು ಕಂಡ್ರಾಗಲ್ಲ, ಗೊತ್ತಿರ್ಲಿ' ಅಂದಿದ್ದ. ಕುಬಾತ್. ಹೆಸರು ತೆಗೆದಿದೀಯ, ಕುದುರೇನ ಅಲ್ಲೇ ಬಿಟ್ಟಿದೀಯಲ್ಲೋ ದಡ್ಡ!"

ಆಮೇಲೆ ಗೋಡೆಯ ಮೇಲಿನ ಚಪಾನ್‌ಗಳನ್ನೆಲ್ಲ ಒಂದು ಸುತ್ತು ನೋಡಿದರು. "ಜನ ನನ್ನ ಯುರ್ತ್ ಮುಂದೆ ಬಂದು, ಸತ್ತಿದ್ದು ಯಾರು ಅಂತ ಕೇಳಲ್ವೇನೋ? ನನ್ನ ಮಗಂಗೆ ಬುದ್ಧಿ ಇಲ್ಲ, ಅದು ನಾನು ಸಾಕಿದ್ದು. ನಿಂಗೇನಾಗಿತ್ತು? ಅದು ನಿನ್ನಕ್ಕನ ಗಂಟಲು. ಥೂ!"

ಉಗಿದದ್ದು ನೆಲಕ್ಕೆ. ಇನ್ನೂ ಒರೆಸಿಲ್ಲ.

ಹಾಡಿದವಳು ಎಲ್ಲಿದ್ದಾಳೆ ಎಂದು ಕೇಳಿದರು. ಹೇಳಿದೆ. ಅಷ್ಟು ಎತ್ತರಕ್ಕೆ ಹೋಗಬೇಡಿ ಎಂದರೆ, "ಹೋದ್ರೆ ಏನಾಗತ್ತೆ, ಸಾಯ್ತೀನಾ?" ಎಂದರು.

ತಿಂಚ್ತಿಕ್


ಸೋನ್-ಕುಲ್
ಆಗಸ್ಟ್ ೯

ಮುದುಕ ಬಂದ. ಇದ್ದು ಹೋದ. ಈ ಕಾಗದ ಬೋಲೋತನ ಮುಂದಿನ ಗಾಡಿಯಲ್ಲಿ ಬರುತ್ತದೆ.

ನಾನು ಕರಿದ ಬೋರ್ಸೊಕ್ ರೊಟ್ಟಿ ಗಟ್ಟಿ ಎಂದ. ಕುಮಿಸ್ ನೀರು ಎಂದ. ಡಾಕ್ಟರು ಎರಡನ್ನೂ ಮುಟ್ಟಬೇಡ ಎಂದಿದ್ದಾರಂತೆ, ಎರಡನ್ನೂ ಮುಗಿಸಿದ. ಆಮೇಲೆ, "ನಂಗೆ ಒಂದು ಕೊಶೋಕ್ ಹೇಳ್ಕೊಡಮ್ಮಾ, ನಿಜವಾದ್ದು. ಮಗಳಿಗೆ ಕಲಿಸ್ತೀನಿ" ಎಂದ.

"ನಿಜ ಬೇಕಾದ್ರೆ ನೀವೇ ಹೇಳ್ಬೇಕು ಅಣ್ಣಾ. ಏನು ಒಳ್ಳೇದು ಮಾಡಿದೀರಾ?"

"ಯೋಚಿಸ್ಬೇಕು" ಎಂದ. ಅವತ್ತು ಯೋಚಿಸಿದ. ಮಾರನೆಯ ದಿನವೂ ಯೋಚಿಸಿದ. ಏನು ನೆನೆಸಿಕೊಂಡರೂ ಅದರ ಬಾಲ ಹಿಡಿದು ಒಂದು ಮೋಸ ಬರುತ್ತಿತ್ತು. ತನ್ನ ಮೇಲೆ ತಾನೇ ಹೇಸಿಕೊಂಡು ಸರೋವರದ ಕಡೆ ಮುಖ ಮಾಡಿ ಕೂತ. ನನಗೆ ಬೇರೆಯವರ ಬಾಯಿಗೆ ಸುಳ್ಳು ಅಳು ಹಾಕಲು ಬರುವುದಿಲ್ಲ, ನಾನು ಹಾಲು ಕರೆಯಲು ಎದ್ದೆ.

ಹೊರಡುವ ದಿನ ದರ ಕೇಳಿದ. ನೀವು ಇನ್ನೂ ಏನೂ ತಗೊಂಡಿಲ್ಲವಲ್ಲ ಎಂದೆ. ಆದರೂ ಹೇಳು ಎಂದ. ಆ ಬೂದು ಕುದುರೆ ಇನ್ನೂ ಇದ್ದರೆ ಕೊಡಿ ಎಂದೆ.

"ಇದೆ. ಕಳಿಸ್ತೀನಿ" ಎಂದು ಗಾಡಿ ಹತ್ತಿದ. ಬಾಗಿಲು ಹಾಕಿಕೊಂಡವನು ಮತ್ತೆ ತೆಗೆದ. "ತಂಗೀ, ಅದಕ್ಕೆ ನೀರು ಕಂಡ್ರೆ ಭಯ, ಗೊತ್ತಿರ್ಲಿ. ಈಗ ಬಲಗಣ್ಣೂ ಮಂಜು."

ಗಾಡಿ ನಿಲ್ಲಿಸಿ ಎಂದೆ. ಅವನು ಜೀವಮಾನದಲ್ಲಿ ಕುಂದು ಹೇಳಿ ಕೊಟ್ಟ ಮೊದಲ ಕುದುರೆ. ನಿಮಗೆ ಒಂದು ಸಾಲು ಸಿಕ್ಕಿತು ಅಣ್ಣಾ ಎಂದೆ. ಮುದುಕ ಸ್ಟೀರಿಂಗ್ ಹಿಡಿದ ಬೋಲೋತನ ಮುಂದೆಯೇ ಮಗುವಿನ ಹಾಗೆ ಅತ್ತ.

ಇನ್ನು ನಿನ್ನ ವಿಷಯ.

ಆ ದಿನ ಬಿಟ್ಟು ನಾನು ಕುಬಾತನ ಹೆಸರನ್ನು ಬಾಯಿ ತುಂಬ ಕರೆದಿಲ್ಲ. ಆ ಹೆಸರನ್ನು ನೀನು ಕತ್ತರಿಸಿ ತೆಗೆದೆ.

ತೆಗೆದು ಎಲ್ಲಿಟ್ಟಿದ್ದೀಯ?


ಬಿಶ್ಕೆಕ್
ಸೆಪ್ಟೆಂಬರ್ ೩

ಅಕ್ಕ,

ಒಮುರ್ಜಾಕ್ ಅಜ್ಜನ ಮಣ್ಣಿಗೆ ನೀನು ಕೆಳಗಿಳಿದು ಬಂದಾಗ ನನ್ನನ್ನು ನೋಡಿದೆ, ಮಾತನಾಡಿಸಲಿಲ್ಲ. ಅದು ಸರಿ. ನೀನು ಯುರ್ತ್ ಒಳಗಿದ್ದೆ, ಹೊರಗಿನದನ್ನು ನಾನು ಹೇಳುತ್ತೇನೆ.

ನಾನು ಮುಂಗಡವನ್ನು ಸಾಲ ಮಾಡಿ ಹಿಂದಿರುಗಿಸಿದ ದಿನವೇ ತಾಲಾಯ್‌ಬೆಕ್ ಇನ್ನೊಬ್ಬನನ್ನು ಹಿಡಿದಿದ್ದ. ಅವನು ಕಂಪ್ಯೂಟರಿನಲ್ಲೇ ಹೆಂಗಸಿನ ದನಿ ಹುಟ್ಟಿಸಿ, ನನ್ನ ದರದ ಹತ್ತನೇ ಒಂದು ಭಾಗಕ್ಕೆ ಅಳಿಸಿಕೊಟ್ಟ. ಮಂತ್ರಿಯ ಕಾರು ತಿರುವಿನಲ್ಲಿ ಕಂಡ ಕೂಡಲೇ ಗುಂಡಿ ಒತ್ತಿದರು. ಆ ದನಿ ಎಲ್ಲೂ ಉಸಿರು ತೆಗೆದುಕೊಳ್ಳುತ್ತಿರಲಿಲ್ಲ. ಗಂಡಸರು ಕೋಲೂರಿ ತಲೆ ತಗ್ಗಿಸಿ ನಿಂತಿದ್ದರು. ಒಬ್ಬರಿಗೂ ಅಸಹ್ಯವಾಗಲಿಲ್ಲ, ಅಥವಾ ಎಲ್ಲರೂ ನನ್ನ ಹಾಗೆಯೇ ಬೇಡ ಎನ್ನಲು ಬಾರದವರು.

ಆಗ ಒಳಗಿನಿಂದ ಆ ಬೈಗುಳದ ಮಗಳ ಕೂಗು ಕೇಳಿತು. "ಯಾವ ನಾಯಿ ಇಟ್ಟಿದ್ದು ಇದನ್ನ!" ತಂತಿ ಕಿತ್ತ ಸದ್ದು. ಯಂತ್ರದ ಅಳು ನಿಂತಿತು. ಮಂತ್ರಿ ಗಡಿಯಾರ ನೋಡಿಕೊಂಡ. ಆಮೇಲೆ ಒಡಕಲು ಗಂಟಲಲ್ಲಿ, ಶ್ರುತಿಯ ಹತ್ತಿರಕ್ಕೂ ಸುಳಿಯದೆ, ಅವಳು ಅಂದಳು: "ಕೊನೆಗಾದರೂ ಒಂದು ಕುದುರೆಯ ಕುಂದು ಹೇಳಿ ಕೊಟ್ಟೆಯಲ್ಲ, ಅಪ್ಪಾ." ಅಷ್ಟೇ. ಅದನ್ನೇ ಮತ್ತೆ ಮತ್ತೆ. ಪಕ್ಕದಲ್ಲಿದ್ದ ಮುದುಕನೊಬ್ಬ ಕಲ್ಪಾಕ್‌ನಿಂದ ಮುಖ ಮುಚ್ಚಿಕೊಂಡ. ಇಷ್ಟು ವರ್ಷದಲ್ಲಿ ನಾನು ತಿದ್ದಿದ ಸ್ವರಗಳೆಲ್ಲ ನೆನಪಾಗಿ ನಾಚಿಕೆಯಾಯಿತು.

ಊಟದ ಹೊತ್ತಿಗೆ ತಾಲಾಯ್‌ಬೆಕ್ ಬಂದ. "ತಮ್ಮಾ, ತಂಗಿ ಹೇಳಿದ್ದು ರೆಕಾರ್ಡ್ ಮಾಡ್ಕೊಂಡ್ಯಾ? ಒಂದೇ ಸಾಲಾದ್ರೂ ಪರ್ವಾಗಿಲ್ಲ, ಸುತ್ತಿ ಸುತ್ತಿ ಬರೋ ಹಾಗೆ ಮಾಡು. ನಲವತ್ತನೇ ದಿನಕ್ಕೆ ಬೇಕು. ಎಷ್ಟು ಹೇಳು."

"ಮಾಡಿಲ್ಲ. ಮಾಡಲ್ಲ" ಎಂದೆ.

ದರ ಏರಿಸುತ್ತಿದ್ದೇನೆ ಎಂದುಕೊಂಡು ನಕ್ಕ. ಬಂದವರಿಗೆ ಬಟ್ಟೆ ಹಂಚುವಾಗ ನನ್ನ ಹೆಗಲಿಗೂ ಒಂದು ಚಪಾನ್ ಬಿತ್ತು. ಎಲ್ಲರ ಮುಂದೆ ತೆಗೆದು, ಮಡಿಸಿ, ಅವನ ಕೈಗೇ ಕೊಟ್ಟೆ. ಆ ಮುಖ ನೀನು ನೋಡಬೇಕಿತ್ತು.

ಈಗ ನೀನು ಕೇಳಿದ್ದಕ್ಕೆ.

ತೆಗೆದ ಹೆಸರುಗಳನ್ನು ಎಸೆದಿರಲಿಲ್ಲ. ಎಲ್ಲವೂ ಒಂದೇ ಕಡೆ, ಒಂದರ ಪಕ್ಕದಲ್ಲಿ ಒಂದು ಇದ್ದವು. ನಿನ್ನ ಕಾಗದ ಬಂದ ದಿನ ಬಾಗಿಲು ಹಾಕಿಕೊಂಡು ಅವನ್ನಷ್ಟೇ ಕೇಳಿದೆ. ಕುಬಾತ್, ಕುಬಾತ್, ಕುಬಾತ್. ನಡುವೆ ಬೇರೆ ಮಾತಿಲ್ಲ. ಒಂದು ಕರೆಯುವ ಹಾಗಿದೆ, ಒಂದು ಗದರಿಸುವ ಹಾಗಿದೆ, ಒಂದು ಸಂತೆಯಲ್ಲಿ ಗಿಲ್ಲಿ ಎಳೆಯುವ ಹಾಗಿದೆ. ಪೂರ್ತಿ ಕೇಳಲು ನನ್ನಿಂದ ಆಗಲಿಲ್ಲ. ಅವನ್ನು ಒಂದೊಂದಾಗಿ ತೆಗೆದು ಎಲ್ಲಿದ್ದವೋ ಅಲ್ಲಿಗೇ ಸೇರಿಸಿದೆ. ಅಂದಿನಿಂದ ಬೇರೆ ಕೆಲಸ ಮುಟ್ಟಿಲ್ಲ.

ಕೊಶೋಕ್ ಮೊದಲಿದ್ದ ಹಾಗಿದೆ ಎಂದು ಬರೆದರೆ ನೀನು ನಂಬುತ್ತೀಯ, ಕಿವಿಗೂ ಗೊತ್ತಾಗುವುದಿಲ್ಲ. ಆದರೆ ಭಾವನ ಪದ್ಧತಿಯಲ್ಲಿ ಮೊದಲು ಕುಂದು ಹೇಳುತ್ತೇನೆ. ಮೊಟ್ಟಮೊದಲ ಸಲ ಹೆಸರು ಕರೆಯುವ ಮುಂಚೆ ನೀನು ಒಂದು ಉದ್ದನೆಯ ಉಸಿರು ಎಳೆದುಕೊಂಡಿದ್ದೆ. ಹೆಸರಿಲ್ಲದ ಕಡೆ ಉಸಿರು ಯಾಕೆ ಎಂದು ಅದನ್ನು ಅಳಿಸಿ, ಮೂಲದ ಮೇಲೇ ಸೇವ್ ಮಾಡಿಬಿಟ್ಟೆ, ಹಳೆಯದು ಹೋಯಿತು. ಎಷ್ಟು ಹುಡುಕಿದರೂ ಸಿಗಲಿಲ್ಲ. ಬೇರೆ ಕಡೆಯ ಉಸಿರು ತಂದು ಅಂಟಿಸಬಹುದಿತ್ತು. ಅಂಟಿಸಿಲ್ಲ. ಅಲ್ಲಿ ಹಾಗೇ ಖಾಲಿ ಇದೆ.

ಕುಂದು ಹೇಳಿದ್ದಾಯಿತು. ದರ ನೀನು ಹೇಳು.

ತಿಂಚ್ತಿಕ್


ಸೋನ್-ಕುಲ್
ಸೆಪ್ಟೆಂಬರ್ ೧೦

ತಮ್ಮಾ,

ಇಲ್ಲಿ ಹಿಮ ಶುರುವಾಯಿತು. ಯುರ್ತ್ ಬಿಚ್ಚಿ ಕೆಳಗಿಳಿಯಬೇಕು. ನನ್ನೊಬ್ಬಳ ಕೈಯಲ್ಲಿ ಆಗುವುದಿಲ್ಲ. ಬೋಲೋತನ ಗಾಡಿ ಹತ್ತಿ ಬಾ. ಕೊಶೋಕ್ ಕೇಳಿಸುವ ಯಂತ್ರವನ್ನೂ ತಾ, ಕೇಳಿಯೇ ಬಿಡುತ್ತೇನೆ.

ಗೋಡೆಯ ಚಪಾನ್‌ಗಳನ್ನೆಲ್ಲ ಬಿಚ್ಚಿಕೊಂಡು ಬಾ. ಇಳಿಯುವ ದಾರಿಯಲ್ಲಿ ಕುದುರೆಗಳ ಬೆನ್ನಿಗೆ ಬೇಕು. ಜರಿ ಒಳಗೆ ಬರುವ ಹಾಗೆ ಹೊದಿಸೋಣ, ಚುಚ್ಚಿದರೆ ಬೇಗ ನಡೆಯುತ್ತವೆ.

ಬೂದು ಕುದುರೆಯನ್ನು ನೀನೇ ಹಿಡಿದುಕೊಂಡು ಹೊಳೆ ದಾಟಿಸಬೇಕು. ಅದು ಹೆದರುತ್ತದೆ, ಒದೆಯುತ್ತದೆ, ನಿನ್ನನ್ನು ಪೂರ್ತಿ ನೆನೆಸುತ್ತದೆ. ಏನಾದರೂ ಕೈ ಬಿಡುವ ಹಾಗಿಲ್ಲ.

ಅದೇ ದರ. ಚೌಕಾಸಿ ಇಲ್ಲ.

ಅಕ್ಕ